ಕಾಗದವೋ, ಅಂಕಿಯೋ?

ಚಿತ್ರಕಾರರು ಚಿತ್ರ ಬರೆಯುವುದು ಲೋಕರೂಢಿ. ಬರೆದದ್ದನ್ನು ಮಾರಲಾರದೆ ಸಂಕಟಪಡುವುದೂ ಲೋಕರೂಢಿಯೇ. ಆದರೆ ಬರೆದು, ಮಾರಿ, ಹಣವನ್ನೂ ಎಣಿಸಿಕೊಂಡು, ಆಮೇಲೆ ಕೊಂಡವರ ಒಪ್ಪಿಗೆಯಿಂದಲೇ ಆ ಚಿತ್ರಗಳನ್ನು ಒಂದೊಂದಾಗಿ ಬೆಂಕಿಗೆ ಹಾಕಿದ ಚಿತ್ರಕಾರನ ವಿಚಾರವನ್ನು ನಮ್ಮ ವಾಚಕರೆಲ್ಲರೂ ಕೇಳಿರಲಾರರು. ಇಂಗ್ಲೆಂಡಿನ ಡೇಮಿಯನ್ ಹರ್ಸ್ಟ್ ಎಂಬಾತ 2022ರಲ್ಲಿ ಲಂಡನ್ನಿನಲ್ಲಿ ಇದನ್ನು ಮಾಡಿದ. ಹಣವನ್ನೂ ಗಣಕಯಂತ್ರದ ವಿದ್ಯೆಯನ್ನೂ ವಸ್ತುವಾಗಿಟ್ಟುಕೊಂಡು ಆತನೊಬ್ಬನ ಕೃತಿಗಳಿಂದಲೇ ನಡೆದ ಆ ಪ್ರದರ್ಶನಕ್ಕೆ ‘ದಿ ಕರೆನ್ಸಿ’, ಎಂದರೆ ಚಲಾವಣೆಯ ಹಣ, ಎಂದೇ ಹೆಸರು.

ನಾವು ಲಂಡನ್ನಿಗೆ ಹೋದವರಲ್ಲ. ಮುಂಬಯಿಯ ಕೋಟೆ ಪ್ರದೇಶದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಮಧ್ಯಾಹ್ನ ಬುತ್ತಿಯ ಡಬ್ಬಿ ಬರಿದಾದ ಮೇಲೆ ಕಾಲಾ ಘೋಡಾದ ಜಹಾಂಗೀರ್ ಕಲಾಮಂದಿರದವರೆಗೆ ನಡೆದುಹೋಗಿ, ಒಂದೆರಡು ಕೋಣೆಯ ಚಿತ್ರಗಳನ್ನು ನೋಡಿ, ಸಾಹೇಬರು ಮೇಜಿಗೆ ಮರಳುವ ಮುನ್ನ ನಾವು ಮರಳುವುದು ಬಹುಕಾಲದ ಅಭ್ಯಾಸ. ಅಲ್ಲಿ ಪ್ರವೇಶಕ್ಕೆ ದುಡ್ಡು ಕೊಡಬೇಕಾಗಿಲ್ಲ. 1952ರಲ್ಲಿ ಆ ಮಂದಿರ ಎದ್ದು ನಿಲ್ಲಲು ಒತ್ತಾಸೆಯಾದವರಲ್ಲಿ ನಮ್ಮ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರೂ ಒಬ್ಬರೆಂಬ ಅಭಿಮಾನ ಬೇರೆ. ಚಿತ್ರಕಲೆಯಲ್ಲಿ ನಮ್ಮ ವಿದ್ಯಾಭ್ಯಾಸವೆಲ್ಲ ಇಷ್ಟೇ. ಲಂಡನ್ನಿನ ಸುದ್ದಿ ನಮಗೆ ತಲುಪಿದ್ದು ಸಹೋದ್ಯೋಗಿಯೊಬ್ಬರ ಮೊಬೈಲಿನಲ್ಲಿ. ಬೆಳ್ಳಿಬಣ್ಣದ ಷರಾಯಿ, ಅದಕ್ಕೊಪ್ಪುವ ಕೈಗವಸು ತೊಟ್ಟ ಗೃಹಸ್ಥನೊಬ್ಬ ಬಣ್ಣದ ಚುಕ್ಕೆಗಳಿದ್ದ ಹಾಳೆಗಳನ್ನು ಬೆಂಕಿಗೆ ಒಡ್ಡುತ್ತಿದ್ದ. ಇವನಿಗೆ ಹುಚ್ಚೇ ಎಂದು ಸಹೋದ್ಯೋಗಿ ಮರಾಠಿಯಲ್ಲಿ ಕೇಳಿದರು. ಬರಿಯ ಹುಚ್ಚಾಗಿದ್ದರೆ ನಾವೂ ನಕ್ಕು ಬಿಡುತ್ತಿದ್ದೆವು. ಅದರಲ್ಲಿ ಲೆಕ್ಕವಿತ್ತು, ಲೆಕ್ಕವಿಟ್ಟು ನಡೆಸುವ ಹುಚ್ಚನ್ನು ಕಂಡರೆ ಗುಮಾಸ್ತನಾದವನು ಸುಮ್ಮನಿರಲಾರ. ಅಂದಿನಿಂದ ಈ ವಿಷಯ ಎಲ್ಲಿ ಅಚ್ಚಾದರೂ ಓದುತ್ತ ಬಂದಿದ್ದೇವೆ.

ಹರ್ಸ್ಟ್ ಬಡ ಕಲಾವಿದನಲ್ಲ. 1965ರಲ್ಲಿ ಬ್ರಿಸ್ಟಲ್‌ನಲ್ಲಿ ಹುಟ್ಟಿದ ಈತ, ಗಾಜಿನ ತೊಟ್ಟಿಯಲ್ಲಿ ಕೆಡದಂತೆ ಕಾಪಾಡುವ ದ್ರವ ತುಂಬಿ ಅದರೊಳಗೆ ಸತ್ತ ಶಾರ್ಕ್ ಮೀನೊಂದನ್ನು ತೂಗಬಿಟ್ಟು 1991ರಲ್ಲಿ ಹೆಸರುವಾಸಿಯಾದ. 2007ರಲ್ಲಿ ಪ್ಲಾಟಿನಂ ಲೋಹದ ತಲೆಬುರುಡೆಯೊಂದಕ್ಕೆ 8,601 ವಜ್ರಗಳನ್ನು ಕೂಡಿಸಿದ. 2008ರ ಸೆಪ್ಟೆಂಬರ್ 15ರಂದು ಅಮೆರಿಕದ ಲೇಮನ್ ಬ್ರದರ್ಸ್ ದಿವಾಳಿ ಎದ್ದು ಲೋಕದ ಪೇಟೆಗಳೆಲ್ಲ ನಡುಗಿದ ದಿನವೇ ಲಂಡನ್ನಿನಲ್ಲಿ ಈತನ ಕೃತಿಗಳ ಹರಾಜು ಮೊದಲಾಗಿ, ಎರಡು ದಿನಗಳಲ್ಲಿ 11 ಕೋಟಿ ಪೌಂಡಿಗೂ ಹೆಚ್ಚು ಹಣ ಬಂದಿತು. ಕಲೆಯ ಬೆನ್ನಿಗೆ ಹಣ ಹೇಗೆ ಅಂಟಿಕೊಳ್ಳುತ್ತದೆ ಎಂಬುದನ್ನು ಈತನಷ್ಟು ಬಲ್ಲವರು ವಿರಳ. ಅಂಥವನು ಹಣವನ್ನೇ ಚಿತ್ರದ ವಸ್ತುವಾಗಿ ಆರಿಸಿಕೊಂಡರೆ ಆಶ್ಚರ್ಯವೇನು?

ಆತ ಸಿದ್ಧಪಡಿಸಿದ್ದು ಹತ್ತು ಸಾವಿರ ಹಾಳೆ. ಕಚೇರಿಯಲ್ಲಿ ನಾವು ಟಿಪ್ಪಣಿ ಬರೆಯುವ ಹಾಳೆಯದೇ ಸುಮಾರು ಅಳತೆ. ಆದರೆ ಕೈಯಿಂದ ತಯಾರಿಸಿದ ಕಾಗದ. ಒಂದೊಂದರ ಮೇಲೂ ಎನಾಮೆಲ್ ಬಣ್ಣದ ಚುಕ್ಕೆಗಳು. ದೂರದಿಂದ ಎಲ್ಲವೂ ಒಂದೇ. ಹತ್ತಿರ ಬಂದರೆ ಒಂದರಂತೆ ಇನ್ನೊಂದಿಲ್ಲ. ನೋಟಿನಲ್ಲಿರುವಂತೆ ನೀರುಗುರುತು, ಕಳ್ಳಪ್ರತಿ ಬಾರದಂತೆ ಹೊಳೆಯುವ ಮುದ್ರೆ, ಕ್ರಮಸಂಖ್ಯೆ, ಬೆನ್ನ ಮೇಲೆ ಚಿತ್ರಕಾರನ ರುಜು. ಪ್ರತಿಯೊಂದಕ್ಕೂ ಒಂದು ಹೆಸರು. ಆ ಹೆಸರುಗಳನ್ನು ಕಟ್ಟಿಕೊಟ್ಟದ್ದು, ಚಿತ್ರಕಾರನಿಗೆ ಪ್ರಿಯವಾದ ಹಾಡುಗಳ ಸಾಹಿತ್ಯವನ್ನು ಅರೆದು ಕುಡಿದ ಗಣಕಯಂತ್ರ. 2021ರ ಜುಲೈಯಲ್ಲಿ ಹೆನಿ ಎಂಬ ಸಂಸ್ಥೆಯ ಮೂಲಕ ಇವು ಮಾರಾಟಕ್ಕೆ ಬಂದವು. ಒಂದರ ಬೆಲೆ 2,000 ಡಾಲರ್, ಎಂದರೆ ಆಗಿನ ದರದಲ್ಲಿ ಸುಮಾರು ಒಂದೂವರೆ ಲಕ್ಷ ರೂಪಾಯಿ. ಒಂಬತ್ತು ಸಾವಿರವನ್ನು ಜನರಿಗೆ ಮಾರಿ, ಒಂದು ಸಾವಿರವನ್ನು ಚಿತ್ರಕಾರ ತನಗೆಂದು ಇಟ್ಟುಕೊಂಡ.

ಇಲ್ಲಿಂದ ಮುಂದೆ ವಿಚಿತ್ರ. ಹಣ ಕೊಟ್ಟವನ ಕೈಗೆ ಮೊದಲು ಬಂದದ್ದು ಹಾಳೆಯಲ್ಲ, ಎನ್‌ಎಫ್‌ಟಿ ಎಂಬ ಒಂದು ನಮೂದು. ಇದು ಏನೆಂದು ನಮ್ಮ ಮನೆಯಾಕೆಗೆ ತಿಳಿಸಿಕೊಟ್ಟ ರೀತಿಯಲ್ಲೇ ವಾಚಕರಿಗೂ ಹೇಳುತ್ತೇವೆ. ಕಚೇರಿಯಲ್ಲಿ ಬಂದ ಕಾಗದಗಳನ್ನೆಲ್ಲ ಬರೆದಿಡುವ ಆವಕ ಪುಸ್ತಕವೊಂದಿದೆಯಲ್ಲ, ಅಂಥದೇ ಒಂದು ಪುಸ್ತಕ ಒಂದು ಕಡೆ ಅಲ್ಲ, ಲೋಕದ ಸಾವಿರಾರು ಕಚೇರಿಗಳಲ್ಲಿ ಏಕಕಾಲಕ್ಕೆ ತೆರೆದಿದೆ ಎಂದುಕೊಳ್ಳಿ. ಒಂದರಲ್ಲಿ ಒಂದು ಸಾಲು ಬಿದ್ದರೆ ಎಲ್ಲದರಲ್ಲೂ ಬೀಳುತ್ತದೆ. ಬಿದ್ದ ಸಾಲನ್ನು ಯಾವ ಸಾಹೇಬರೂ ಒಬ್ಬರೇ ಕೆರೆದು ತಿದ್ದಲಾರರು. ಆ ಪುಸ್ತಕಕ್ಕೆ ಬ್ಲಾಕ್‌ಚೈನ್ ಎನ್ನುತ್ತಾರೆ. ‘ಇಂಥ ನಂಬರಿನ ಚಿತ್ರ ಇಂಥವರ ಸ್ವತ್ತು’ ಎಂದು ಅದರಲ್ಲಿ ದಾಖಲಾದ ಸಾಲೇ ಎನ್‌ಎಫ್‌ಟಿ. ಚಿತ್ರದ ನೆರಳನ್ನು ಪರದೆಯ ಮೇಲೆ ಯಾರು ಬೇಕಾದರೂ ನೋಡಬಹುದು. ಒಡೆತನದ ಸಾಲು ಮಾತ್ರ ಒಬ್ಬರ ಹೆಸರಿನಲ್ಲಿರುತ್ತದೆ.

ಕೊಂಡವರಿಗೆ ಒಂದು ವರ್ಷದ ವಾಯಿದೆ. 2022ರ ಜುಲೈ 27ರೊಳಗೆ ಅವರು ತೀರ್ಮಾನಿಸಬೇಕು: ಹಾಳೆ ಬೇಕೋ, ನಮೂದು ಬೇಕೋ? ಹಾಳೆ ಬೇಕೆಂದರೆ ನಮೂದನ್ನು ಅಳಿಸುತ್ತಾರೆ. ನಮೂದು ಸಾಕೆಂದರೆ ಹಾಳೆಯನ್ನು ಸುಡುತ್ತಾರೆ. ಎರಡನ್ನೂ ಇಟ್ಟುಕೊಳ್ಳುವ ಹಾಗಿಲ್ಲ.

ಫಲಿತಾಂಶ ಹೀಗಿತ್ತು: ಹಾಳೆಯ ಕಡೆಗೆ 5,149, ನಮೂದಿನ ಕಡೆಗೆ 4,851. ಹೆಚ್ಚುಕಡಿಮೆ ಸಮಸಮ ಎಂದು ಯಾರಾದರೂ ಹೇಳಿಯಾರು. ಗುಮಾಸ್ತನ ಕಣ್ಣಿನಿಂದ ಇನ್ನೊಮ್ಮೆ ನೋಡಬೇಕು. ಚಿತ್ರಕಾರ ತನ್ನ ಪಾಲಿನ ಸಾವಿರವನ್ನೂ ನಮೂದಾಗಿಯೇ ಇಡುವುದಾಗಿ ಸಾರಿದ್ದ. ಆಟ ಹೂಡಿದವನು ಆಟವನ್ನು ನಂಬದಿದ್ದರೆ ಹೇಗೆ? ಆ ಸಾವಿರವನ್ನು ಕಳೆದರೆ, ಜನರ ಕೈಯಲ್ಲಿದ್ದ 9,000ದಲ್ಲಿ ನಮೂದನ್ನು ಆರಿಸಿದ್ದು 3,851 ಮಾತ್ರ. ನೂರಕ್ಕೆ ಐವತ್ತೇಳು ಹಾಳೆಗಳಿಗೆ ಬೆಂಕಿ ತಗಲಬಾರದೆಂದು ಕೊಂಡವರು ಹೇಳಿದರು. ಹೊಸ ವಿದ್ಯೆಗೆ ಮನಸೋತು ಹಣ ಹಾಕಿದ ಜನರೇ, ಕೊನೆಯ ಗಳಿಗೆಯಲ್ಲಿ ಕೈಗೆ ಸಿಗುವ ವಸ್ತುವಿನ ಕಡೆಗೆ ಸ್ವಲ್ಪ ವಾಲಿದರು.

2022ರ ಸೆಪ್ಟೆಂಬರ್ 23ರಂದು ಲಂಡನ್ನಿನ ನ್ಯೂಪೋರ್ಟ್ ಸ್ಟ್ರೀಟ್ ಗ್ಯಾಲರಿಯಲ್ಲಿ ಪ್ರದರ್ಶನ ತೆರೆಯಿತು. ಆ ಗ್ಯಾಲರಿ ಹರ್ಸ್ಟನದೇ, 2015ರಲ್ಲಿ ತೆರೆದದ್ದು. ಅಲ್ಲಿಯೂ ಪ್ರವೇಶಕ್ಕೆ ದುಡ್ಡಿಲ್ಲವೆಂದು ಕೇಳಿ ನಮಗೆ ಸಂತೋಷವಾಯಿತು. ಅಕ್ಟೋಬರ್ 11ರಂದು ದಹನ ಮೊದಲಾಯಿತು. ಪ್ರತಿ ಹಾಳೆಯನ್ನೂ ಮೊದಲು ಕ್ಯಾಮರಾದ ಎದುರು ಹಿಡಿದು ದಾಖಲು ಮಾಡಿ, ಆಮೇಲೆ ಬೆಂಕಿಗೆ ಹಾಕುವುದು. ಮೊದಲ ದಿನವೇ ಸುಮಾರು ಸಾವಿರ ಹಾಳೆಗಳು ಹೋದವು. ಅಕ್ಟೋಬರ್ 30ರಂದು ಪ್ರದರ್ಶನ ಮುಗಿಯುವವರೆಗೆ ಉಳಿದವುಗಳ ಸರದಿ. ಸುಡಲಿದ್ದ ಹಾಳೆಗಳ ಒಟ್ಟು ಬೆಲೆ ಒಂದು ಕೋಟಿ ಪೌಂಡಿನ ಹತ್ತಿರವೆಂದು ಪತ್ರಿಕೆಗಳು ಅಂದಾಜು ಮಾಡಿದವು. ತಾನು ಹಣವನ್ನು ಸುಡುತ್ತಿಲ್ಲ, ಕಾಗದದ ಕೃತಿ ಅಂಕಿಯ ಕೃತಿಯಾಗಿ ಮಾರ್ಪಡುವುದನ್ನು ಪೂರ್ಣಗೊಳಿಸುತ್ತಿದ್ದೇನೆ ಎಂಬುದು ಚಿತ್ರಕಾರನ ಸಮಾಧಾನ.

ಇದು ಪರದೇಶದ ಶ್ರೀಮಂತರ ಚೇಷ್ಟೆ ಎಂದು ತಳ್ಳಿಹಾಕಲು ನಮ್ಮ ಮನಸ್ಸು ಒಪ್ಪಲಿಲ್ಲ. ಏಕೆಂದರೆ ಈ ದಹನಕಾರ್ಯ ನಮ್ಮ ಮುಂಬಯಿಯಲ್ಲಿ ಹೊಗೆಯಿಲ್ಲದೆ ಎಂದೋ ನಡೆದುಹೋಗಿದೆ. 1996ರ ಡಿಪಾಸಿಟರಿ ಕಾಯಿದೆ ಬಂದ ಮೇಲೆ, ಮನೆಮನೆಯಲ್ಲಿ ಕಬ್ಬಿಣದ ಬೀರುವಿನಲ್ಲಿದ್ದ ಷೇರು ಸರ್ಟಿಫಿಕೇಟುಗಳು ಡಿಮ್ಯಾಟ್ ಖಾತೆಯ ಅಂಕಿಗಳಾದವು. ಒಪ್ಪಿಸಿದ ಸರ್ಟಿಫಿಕೇಟನ್ನು ಅಡ್ಡ ಹೊಡೆದು ರದ್ದು ಮಾಡುತ್ತಾರೆ. ಅಂದವಾದ ಹೂಬಳ್ಳಿಯ ಅಂಚು, ಕಂಪನಿಯ ಮೊಹರು, ಇಬ್ಬರು ನಿರ್ದೇಶಕರ ರುಜು ಎಲ್ಲವೂ ಹೋಗುತ್ತದೆ, ಯಾರೂ ಅಳುವುದಿಲ್ಲ. ಊರಿನ ಜಮೀನಿನ ಪಹಣಿಯೂ ಈಗ ಶಾನುಭೋಗರ ಕೈಬರಹವಲ್ಲ. ‘ಭೂಮಿ’ ಯೋಜನೆ ಬಂದ ಮೇಲೆ ಅದು ಗಣಕಯಂತ್ರದ ಅಚ್ಚು. ಲಂಡನ್ನಿನ ಒಲೆ ಆರಿ ಒಂದು ತಿಂಗಳಾಗಿತ್ತಷ್ಟೆ, 2022ರ ಡಿಸೆಂಬರ್ 1ರಂದು ರಿಸರ್ವ್ ಬ್ಯಾಂಕು ಮುಂಬಯಿ, ದೆಹಲಿ, ಬೆಂಗಳೂರು, ಭುವನೇಶ್ವರಗಳಲ್ಲಿ ಕಾಗದವೇ ಇಲ್ಲದ ರೂಪಾಯಿಯನ್ನು ಜನಸಾಮಾನ್ಯರ ಬಳಕೆಗೆ ಪ್ರಯೋಗವಾಗಿ ತಂದಿತು.

ನೋಟಿನ ವಿಚಾರವನ್ನೇ ನೋಡಿ. ವಾಚಕರು ತಮ್ಮ ಜೇಬಿನಿಂದ ನೂರರ ನೋಟೊಂದನ್ನು ತೆಗೆದು ಬೆನ್ನು ತಿರುಗಿಸಲಿ. ಹದಿನೈದು ಭಾಷೆಗಳ ಪಟ್ಟಿಯಲ್ಲಿ ನಾಲ್ಕನೆಯ ಸಾಲು ಕನ್ನಡ. ಪರನಾಡಿನಲ್ಲಿ ಹುಟ್ಟಿದ ನಮ್ಮ ಮಗಳಿಗೆ ನಾವು ಮೊದಮೊದಲು ಕನ್ನಡ ಅಕ್ಷರ ಓದಿಸಿದ್ದು ಈ ಪಟ್ಟಿಯಿಂದಲೇ. ನೋಟುಗಳು ಅಚ್ಚಾಗುವ ಊರುಗಳಲ್ಲಿ ಮೈಸೂರೂ ಒಂದು. ಇಷ್ಟೆಲ್ಲ ಬಳಕೆಯ ಸಂಬಂಧವಿದ್ದರೂ, ನೋಟಿನ ಕಾಗದದ ಮೇಲೆ ನಮಗೆ ಮಮತೆಯಿಲ್ಲ. ಮುಂದುಗಡೆ ರಿಸರ್ವ್ ಬ್ಯಾಂಕಿನ ಗವರ್ನರರು ಇಷ್ಟು ರೂಪಾಯಿ ಕೊಡುತ್ತೇನೆಂದು ಕೊಟ್ಟ ವಚನವಿದೆ; ಬೆಲೆ ಬಂದಿರುವುದು ಆ ಮಾತಿಗೆ. 2016ರ ನವೆಂಬರ್ 8ರ ನಡುರಾತ್ರಿಯಿಂದ 500 ಮತ್ತು 1,000ದ ನೋಟುಗಳು ಚಲಾವಣೆ ತಪ್ಪಿದಾಗ ಕಾಗದ ಅದೇ ಇತ್ತು, ಬಣ್ಣ ಅದೇ ಇತ್ತು, ನೀರುಗುರುತೂ ಮಾಸಿರಲಿಲ್ಲ. ನೂರಕ್ಕೆ 99ಕ್ಕೂ ಹೆಚ್ಚು ಪಾಲು ಬ್ಯಾಂಕುಗಳಿಗೆ ಮರಳಿತೆಂದು 2018ರ ವರದಿ ಹೇಳಿತು. ನಮ್ಮ ಓಣಿಯವರೆಲ್ಲ ಸಾಲಿನಲ್ಲಿ ನಿಂತು ಆ ನೋಟುಗಳನ್ನು ಒಪ್ಪಿಸಿ ಬಂದರು. ಅದೇ ಬೆಲೆಯ ಬೇರೆ ನೋಟು ಕೈಗೆ ಬಂದ ಮೇಲೆ ಹಳೆಯದನ್ನು ನೆನೆದವರಿಲ್ಲ.

ಹಾಗಾದರೆ ಹಣಕ್ಕೂ ಚಿತ್ರಕ್ಕೂ ಇರುವ ಭೇದವೇನು? ನಮಗೆ ತೋರಿದ್ದು ಇಷ್ಟು: ಯಾವ ವಸ್ತುವಿನ ಜಾಗದಲ್ಲಿ ಅಂಥದೇ ಇನ್ನೊಂದನ್ನು ಇಟ್ಟರೆ ಯಾರಿಗೂ ಕೊರತೆಯೆನಿಸುವುದಿಲ್ಲವೋ ಅದು ಹಣ. ಯಾವುದರ ಜಾಗದಲ್ಲಿ ಇನ್ನೊಂದು ಕೂಡುವುದಿಲ್ಲವೋ ಅದು ಹಣವಲ್ಲ, ಬೇರೆ ಏನೋ. ಹರ್ಸ್ಟನ ಜಾಣತನವೆಂದರೆ ಇವೆರಡರ ನಡುವಿನ ಗೆರೆಯ ಮೇಲೆಯೇ ಹತ್ತು ಸಾವಿರ ಹಾಳೆಗಳನ್ನು ನಿಲ್ಲಿಸಿದ್ದು. ಒಂದರಂತೆ ಒಂದಿಲ್ಲ, ಆದರೂ ನಿಮ್ಮದನ್ನು ಕೊಟ್ಟು ಪಕ್ಕದವನದನ್ನು ತೆಗೆದುಕೊಳ್ಳಿ ಎಂದರೆ ಬಹಳ ಮಂದಿ ಬೇಡವೆನ್ನಲಾರರು. ಕೊಂಡ ಪ್ರತಿಯೊಬ್ಬನೂ ತನ್ನಲ್ಲಿರುವುದು ಚಿತ್ರವೋ, ದುಡ್ಡೋ ಎಂದು ಒಂದು ವರ್ಷ ತನ್ನನ್ನೇ ಕೇಳಿಕೊಳ್ಳಬೇಕಾಯಿತು.

ಒಂದು ಮಾತನ್ನು ಇಲ್ಲಿ ಬಿಡುವಂತಿಲ್ಲ. ಆ ಹಾಳೆಗಳ ಮೇಲೆ 2016ನೇ ಇಸವಿಯಿತ್ತು. 2024ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ‘ದಿ ಗಾರ್ಡಿಯನ್’ ಪತ್ರಿಕೆ, ಅವುಗಳಲ್ಲಿ ಕಡೇಪಕ್ಷ ಒಂದು ಸಾವಿರವಾದರೂ ತಯಾರಾದದ್ದು 2018 ಮತ್ತು 2019ರಲ್ಲಿ ಎಂದು ವರದಿ ಮಾಡಿತು. ಕೃತಿಯ ಕಲ್ಪನೆ ಹುಟ್ಟಿದ ವರ್ಷವನ್ನೇ ತಾರೀಖಾಗಿ ಹಾಕುವುದು ತಮ್ಮ ಪದ್ಧತಿ ಎಂದು ಚಿತ್ರಕಾರನ ಕಡೆಯವರು ಉತ್ತರ ಕೊಟ್ಟರು. ಕಲಾಲೋಕದಲ್ಲಿ ಇದು ನಡೆಯಬಹುದು. ಕಚೇರಿಯಲ್ಲಿ ನಡೆಯದು. ‘ಈ ಕಡತದ ಕಲ್ಪನೆ ನಮಗೆ ಮಾರ್ಚಿಯಲ್ಲೇ ಬಂದಿತ್ತು ಸಾರ್’ ಎಂದು ಜುಲೈಯಲ್ಲಿ ಬರೆದ ಟಿಪ್ಪಣಿಗೆ ಮಾರ್ಚಿಯ ತಾರೀಖು ಹಾಕಿದ ಗುಮಾಸ್ತನ ಗತಿಯೇನೆಂದು ಸರ್ಕಾರಿ ನೌಕರರಾದ ವಾಚಕರು ಬಲ್ಲರು. ನಮಗೆ ಕುತೂಹಲ ಹುಟ್ಟಿಸಿದ್ದು ಬೇರೆ: ಯಾರೂ ತಿದ್ದಲಾರದ ಆ ಮಹಾಪುಸ್ತಕ, ತನ್ನಲ್ಲಿ ಬರೆದದ್ದನ್ನು ಕಾಯಬಲ್ಲದು, ಬರೆಯುವ ಮುಂಚಿನ ಮಾತು ನಿಜವೋ ಅಲ್ಲವೋ ಎಂದು ಹೇಳಲಾರದು. ಅದಕ್ಕೆ ಬರೆದವನನ್ನೇ ನಂಬಬೇಕು.

ಇಷ್ಟೆಲ್ಲ ಲಂಡನ್ನಿನ ಮಾತು ನಮ್ಮ ಮನೆಯೊಳಕ್ಕೆ ಬರುವುದಕ್ಕೆ ಕಾರಣವಿದೆ. ನಾವಿದ್ದ ಸರ್ಕಾರಿ ವಸತಿಗೃಹದ ಕಟ್ಟಡ ಹಳೆಯದಾಯಿತೆಂದು ಕಳೆದ ವರ್ಷ ಖಾಲಿಮಾಡಿಸಿದರು. ಹೊಸದಾಗಿ ಸಿಕ್ಕ ಮನೆ ಚಿಕ್ಕದು. ತಂದೆಯವರ ಕಾಲದ ಟ್ರಂಕೊಂದು ಅದರೊಳಗೆ ಹಿಡಿಸುವಂತಿರಲಿಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ತಮ್ಮ ದೀಪಾವಳಿಗೆ ಬಂದವನು, “ಅಣ್ಣಾ, ಎಲ್ಲಾ ಸ್ಕ್ಯಾನ್ ಮಾಡಿ ಬಿಡೋಣ. ನಿನಗೂ ಒಂದು ಪ್ರತಿ, ನನಗೂ ಒಂದು ಪ್ರತಿ. ಕಾಗದ ರದ್ದಿಗೆ ಹಾಕು,” ಎಂದ. ಅಮ್ಮ ಮಾತಾಡಲಿಲ್ಲ, ಟ್ರಂಕಿನ ಮೇಲೆ ಕುಳಿತುಬಿಟ್ಟರು.

ತಮ್ಮನ ಮಾತನ್ನು ಸುಲಭವಾಗಿ ತೆಗೆದುಹಾಕುವಂತಿರಲಿಲ್ಲ. 2005ರ ಜುಲೈ 26ರ ಮಳೆಯಲ್ಲಿ ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ನೀರು ಬಿದ್ದಾಗ ಆ ಟ್ರಂಕಿನೊಳಗೂ ನೀರು ನುಗ್ಗಿತ್ತು. ಅಡಿಯಲ್ಲಿದ್ದ ಕಾಗದಗಳ ಮಸಿ ಅಂದೇ ಕದಡಿಹೋಯಿತು. ಅವುಗಳ ನೆರಳಚ್ಚು ಎಲ್ಲಾದರೂ ಇದ್ದಿದ್ದರೆ ಇಂದು ಓದಬಹುದಿತ್ತು.

ಅಂತೂ ನಾವು, ಲಂಡನ್ನಿನಿಂದ ಕಲಿತ ಪರೀಕ್ಷೆಯನ್ನು ಟ್ರಂಕಿಗೆ ಅನ್ವಯಿಸಿದೆವು. ಹಳೆಯ ಕರೆಂಟ್ ಬಿಲ್ಲುಗಳು: ಇದರ ಬದಲು ಇನ್ನೊಂದು ಆದೀತೇ? ಧಾರಾಳವಾಗಿ, ರದ್ದಿಗೆ. ಬ್ಯಾಂಕಿನ ಪಾಸ್‌ಪುಸ್ತಕಗಳು: ಅಂಕಿ ಬ್ಯಾಂಕಿನಲ್ಲಿದೆ, ರದ್ದಿಗೆ. ತಂದೆಯವರು ಕೊಂಡಿದ್ದ ಹತ್ತಾರು ಷೇರುಗಳ ಸರ್ಟಿಫಿಕೇಟು: ಡಿಮ್ಯಾಟಿಗೆ. ಹೀಗೆ ಟ್ರಂಕು ಮುಕ್ಕಾಲು ಬರಿದಾಯಿತು. ಕಡೆಗೆ ಉಳಿದದ್ದು ನೂಲಿನಿಂದ ಕಟ್ಟಿದ ಎರಡು ಕಟ್ಟು.

ಮನಿಯಾರ್ಡರು ಕಳಿಸಿದವರ ಮನೆಯಲ್ಲಿ ಹುಟ್ಟಿದ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ, ಮಕ್ಕಳಿಗಾಗಿ ಹೇಳುತ್ತೇವೆ. 1880ರಿಂದ ನಮ್ಮ ಅಂಚೆಯವರು ನಡೆಸಿದ ಆ ಏರ್ಪಾಟು ಹಳೆಯ ರೂಪದಲ್ಲಿ 2015ರಲ್ಲಿ ನಿಂತಿತು. ಫಾರಮಿನ ಕೆಳತುದಿಯಲ್ಲಿ ನಾಲ್ಕು ಸಾಲು ಬರೆಯಲು ಜಾಗವಿತ್ತು. ಹಣ ಪಡೆದವರಿಗೆ ಆ ತುಂಡು ಉಳಿಯುತ್ತಿತ್ತು. ಪಡೆದವರ ರುಜುವೋ ಹೆಬ್ಬೆಟ್ಟೋ ಬಿದ್ದ ಇನ್ನೊಂದು ತುಂಡು ಕಳಿಸಿದವರಿಗೆ ಮರಳುತ್ತಿತ್ತು. ನಮ್ಮ ತಂದೆ ಮುಂಬಯಿಯ ಬಟ್ಟೆ ಗಿರಣಿಯೊಂದರಲ್ಲಿದ್ದು ಅಂಕೋಲೆ ಬದಿಯ ಹಳ್ಳಿಯಲ್ಲಿದ್ದ ಅಜ್ಜಿಗೆ ತಿಂಗಳು ತಿಂಗಳು ಹಣ ಕಳಿಸುತ್ತಿದ್ದರು. ಒಂದು ಕಟ್ಟಿನಲ್ಲಿ ಅವರ ನಾಲ್ಕು ನಾಲ್ಕು ಸಾಲುಗಳು. ಅಜ್ಜಿ ತೀರಿಕೊಂಡ ಮೇಲೆ ಊರಿನಿಂದ ಬಂದದ್ದು. ಇನ್ನೊಂದರಲ್ಲಿ ಅಜ್ಜಿಯ ಹೆಬ್ಬೆಟ್ಟುಗಳು. 1982ರ ಜನವರಿ 18ರಂದು ಗಿರಣಿಗಳ ಮುಷ್ಕರ ಮೊದಲಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗುಳಿದರು. ಕಟ್ಟಿನಲ್ಲಿ ಆ ವರ್ಷದ ನಾಲ್ಕು ತಿಂಗಳು ಏನೂ ಇಲ್ಲ. ಆಮೇಲೆ ಹೋಟೆಲೊಂದರ ಗಲ್ಲೆಯಲ್ಲಿ ಕೆಲಸ ಸಿಕ್ಕಿ, ಮೂವತ್ತು ರೂಪಾಯಿಯ ಒಂದು ತುಂಡು: “ಅವ್ವನಿಗೆ ನಮಸ್ಕಾರ. ಈ ಸಲ ಇಷ್ಟೇ. ನಾನು ಚೆನ್ನಾಗಿದ್ದೇನೆ.” ಆ ಮೂವತ್ತು ರೂಪಾಯಿ ಆ ವಾರವೇ ಅಕ್ಕಿಗೋ ಎಣ್ಣೆಗೋ ಹೋಗಿರಬೇಕು. ಅದರ ಜಾಗದಲ್ಲಿ ಬೇರೆ ಮೂವತ್ತು ರೂಪಾಯಿ ಬಂದಿದ್ದರೂ ಅಕ್ಕಿ ಅಷ್ಟೇ ಬರುತ್ತಿತ್ತು. ತುಂಡಿನ ಜಾಗದಲ್ಲಿ ಬೇರೆ ಯಾವ ತುಂಡನ್ನು ಇಡೋಣ?

ತಮ್ಮ ಎಲ್ಲವನ್ನೂ ಸ್ಕ್ಯಾನ್ ಮಾಡಿದ. ಇಬ್ಬರ ಮೊಬೈಲಿಗೂ ಬಂತು. ಅದು ಆಗಬೇಕಾದ ಕೆಲಸವೇ. ಹಾಳೆ ಅಥವಾ ನಮೂದು, ಎರಡರಲ್ಲಿ ಒಂದು ಎಂಬ ಕಟ್ಟಳೆ ಚಿತ್ರಕಾರನ ಆಟಕ್ಕೆ ಬೇಕು, ಸಂಸಾರಕ್ಕೆ ಬೇಕಿಲ್ಲ. ಆದರೆ ಊರಿಗೆ ಹೊರಡುವ ಹಿಂದಿನ ರಾತ್ರಿ ಅವನು ಮೆಲ್ಲನೆ, “ಅಣ್ಣಾ, ಅಜ್ಜಿ ಮೊದಲ ಸಲ ಸಹಿ ಮಾಡಿದ್ದು ಇದೆಯಲ್ಲ, ಅದರ ಕಾಗದ ನನಗೆ ಇರಲಿ,” ಎಂದ.

1991ರ ಸುಮಾರಿಗೆ ಊರಿನ ರಾತ್ರಿಶಾಲೆಯಲ್ಲಿ ಅಜ್ಜಿ ಅಕ್ಷರ ಕಲಿತಿದ್ದರು. ಅದರ ಹಿಂದಿನದೆಲ್ಲ ಹೆಬ್ಬೆಟ್ಟು. ಆ ಒಂದರಲ್ಲಿ ಗೆರೆ ಬಿಟ್ಟು ಮೇಲೇರಿದ ಮೂರಕ್ಷರದ ಹೆಸರು. “ಚಿತ್ರ ಇದೆಯಲ್ಲೋ ನಿನ್ನ ಹತ್ತಿರ,” ಎಂದೆವು. “ಇದೆ. ಆದರೂ,” ಎಂದ. ಬೇರೆ ಯಾವುದನ್ನಾದರೂ ತೆಗೆದುಕೋ ಎಂದೆವು, ಅದೇ ಬೇಕೆಂದ. ನಮಗೂ ಅದೇ ಬೇಕಾಗಿತ್ತು. ಇಬ್ಬರೂ ಒಂದು ಗಳಿಗೆ ಚಿಕ್ಕಂದಿನಲ್ಲಿ ಗಾಳಿಪಟಕ್ಕೆ ಹಟ ಹಿಡಿದಂತೆ ಮುಖ ಬಿಗಿದು ಕುಳಿತದ್ದನ್ನು ಕಂಡು ಮಕ್ಕಳು ನಕ್ಕರು. ಅಮ್ಮ ಬಂದು, ಆ ತುಂಡನ್ನು ನಮ್ಮ ಮುಂದಿನಿಂದ ಎತ್ತಿಕೊಂಡು, ತಮ್ಮ ಪಂಚಾಂಗದ ನಡುವೆ ಇಟ್ಟುಕೊಂಡರು. ಇನ್ನೂ ಯಾರಿಗೂ ಕೊಟ್ಟಿಲ್ಲ.